ಮಕ್ಕಳ ಕಾನ್ಫರೆನ್ಸು, ನಮ್ಮ ಮುಯ್ಯಾಳು

ಈ ಸಲದ ಮಹಾಸಭೆಯಲ್ಲಿ ಕಾರ್ಯಸೂಚಿಯಲ್ಲಿಲ್ಲದ ವಿಷಯವೊಂದು ಚರ್ಚೆಗೆ ಬಂದಿತು. ಮೈಲುತುತ್ತದ ಸರಬರಾಜು, ಗೋದಾಮಿನ ದುರಸ್ತಿ, ಸಾಲದ ಬಾಕಿ ಮುಂತಾದುವೆಲ್ಲ ಮುಗಿದು, ಅಧ್ಯಕ್ಷರ ಅಪ್ಪಣೆ ಪಡೆದು ಬರುವ ಇತರ ವಿಷಯಗಳ ಸರದಿ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ತಮ್ಮ ಮಗನ ಮೇಲೆ ದೂರು ಹೇಳಿದರು. ಸಹಕಾರ ಸಂಘದ ಸಭೆಯಲ್ಲಿ ಮಗನ ಮೇಲೆ ದೂರು ಹೇಳುವುದು ಕ್ರಮವೇ ಎಂದು ಯಾರೂ ಆಕ್ಷೇಪಿಸಲಿಲ್ಲ. ಕುಳಿತವರಲ್ಲಿ ಎಷ್ಟೋ ಜನರ ಮಕ್ಕಳು ಅದೇ ಉದ್ಯೋಗದಲ್ಲಿದ್ದಾರೆ; ಎಲ್ಲರಿಗೂ ಹೇಳಿಕೊಳ್ಳುವುದು ಏನಾದರೊಂದು ಇತ್ತು.

ದೂರು ಇಷ್ಟೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗೌರಿ ಹಬ್ಬಕ್ಕೆ ರಜೆ ಇಲ್ಲವೆಂದ. ಎರಡನೆಯ ಸಲದ ಬೋರ್ಡೋ ಹೊಡೆಯಲು ಆಳು ಸಿಗದೆ ತಂದೆ ಊರೆಲ್ಲ ಅಲೆದಾಗಲೂ ಬರಲಿಲ್ಲ. ಅಂಥವನು ಸೆಪ್ಟೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ, ಕೈಯಿಂದಲೇ ರೈಲಿನ ಖರ್ಚು ಹಾಕಿಕೊಂಡು, ಪರಸ್ಥಳದಲ್ಲಿ ನಡೆದ ಯಾವುದೋ 'ಕಾನ್ಫರೆನ್ಸ್'ಗೆ ಹೋಗಿಬಂದ. ಹೋದವನು ಭಾಷಣ ಕೇಳಿದ್ದಷ್ಟೇ ಅಲ್ಲ. ಬಂದವರಿಗೆಲ್ಲ ಹೆಸರಿನ ಚೀಟಿ ಹಂಚಿದ, ಕುರ್ಚಿ ಜೋಡಿಸಿದ. "ಮನೆಯಲ್ಲಿ ಕೂತ ಕುರ್ಚಿ ಎತ್ತಿಡದವನು ಅಲ್ಲಿ ಇನ್ನೂರು ಕುರ್ಚಿ ಹಾಕಿದ್ದಾನಂತೆ, ಅದೂ ಬಿಟ್ಟಿ!" ಎಂದು ಅವರು ಹೇಳಿದಾಗ ಸಭೆ ನಕ್ಕಿತು.

ನಾವೂ ನಕ್ಕೆವು. ಆದರೆ ಆ ನಗು ಮನೆ ಮುಟ್ಟುವ ತನಕ ಉಳಿಯಲಿಲ್ಲ. ಆ ಹಿರಿಯರಿಗೆ ಈಗ ಎಪ್ಪತ್ತು ದಾಟಿದೆ. ಮೂರು ಎಕರೆ ಅಡಿಕೆ, ಎರಡು ಎಕರೆ ರೊಬಸ್ಟಾ. ಅವರ ನಂತರ ಆ ತೋಟ ನೋಡುವವರು ಯಾರು ಎಂಬ ಪ್ರಶ್ನೆಯನ್ನು ಅವರು ಸಭೆಯಲ್ಲಿ ಕೇಳಲಿಲ್ಲ. ಕುರ್ಚಿಯ ಮಾತು ಹೇಳಿ ಮುಗಿಸಿದರು. ಅವರ ಸಂಕಟ ನಮ್ಮೆಲ್ಲರದೂ ಹೌದು. ಆದರೂ ಅವರು ಬಳಸಿದ 'ಬಿಟ್ಟಿ' ಎಂಬ ಶಬ್ದ ನಮಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಬೆಳೆಗಾರ ಬಂಧುಗಳ ಮುಂದಿಡುವುದಕ್ಕೇ ಈ ಲೇಖನ.

ಈ ಮಕ್ಕಳ ಕೆಲಸ ಎಂಥದ್ದೆಂಬುದು ನಮ್ಮ ಪೈಕಿ ಹೆಚ್ಚಿನವರಿಗೆ 2020ರ ತನಕ ಗೊತ್ತಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಕೊರೋನಾ ಬಂದು ಊರೆಲ್ಲ ಮುಚ್ಚಿದಾಗ ಅವರು ಕಂಪ್ಯೂಟರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆಯ ಅಡಿಯಲ್ಲಿ ಕುಳಿತು, ಉಂಬಳ ಕೀಳುತ್ತ ಕೆಲಸ ಮಾಡಿದವರನ್ನು ನಾವೆಲ್ಲ ಕಣ್ಣಾರೆ ಕಂಡೆವು. ನಮ್ಮ ಅಣ್ಣನ ಮಗಳೂ ಹಾಗೆ ಬಂದು ನಮ್ಮ ಮನೆಯ ಜಗಲಿಯಲ್ಲೇ ಒಂದೂವರೆ ವರ್ಷ ಕಳೆದಳು. ಜಗಲಿಗೆ ಮಾತ್ರ ಮೂರು ಗೆರೆ ಸಿಗ್ನಲ್ ಬರುತ್ತಿದ್ದುದು ಇದಕ್ಕೆ ಕಾರಣ.

ಇಡೀ ದಿನ ಟೈಪು ಮಾಡುವುದೇ ಅವಳ ಕೆಲಸವೆಂದು ನಾವು ತಿಳಿದಿದ್ದೆವು. ನೋಡಿದರೆ ಬೆರಳು ಆಡುತ್ತಿದ್ದುದು ಅಪರೂಪ. ಗಂಟೆಗಟ್ಟಲೆ ಪರದೆಯನ್ನು ದಿಟ್ಟಿಸುವುದು, ಗೀಚುವುದು, ಎದ್ದು ಅಂಗಳದಲ್ಲಿ ಒಣಹಾಕಿದ ಕಾಫಿಯನ್ನು ಕಾಲಿನಿಂದ ತಿರುವುತ್ತ ಎರಡು ಸುತ್ತು ಬರುವುದು, ಮತ್ತೆ ಹೋಗಿ ಕೂರುವುದು. ಕೇಳಿದರೆ, "ಚಿಕ್ಕಪ್ಪ, ಇದರಲ್ಲಿ ಬರೆಯುವುದು ಕಡಿಮೆ, ಓದುವುದೇ ಹೆಚ್ಚು. ಹಿಂದೆ ಬೇರೆ ಯಾರೋ ಬರೆದಿಟ್ಟದ್ದನ್ನು ಅರ್ಥ ಮಾಡಿಕೊಳ್ಳದೆ ಒಂದಕ್ಷರ ಸೇರಿಸಲಿಕ್ಕಾಗುವುದಿಲ್ಲ" ಎಂದಳು. ಬೆಳಗ್ಗೆ ಹದಿನೈದು ನಿಮಿಷ ತಂಡದವರೆಲ್ಲ ಸೇರಿ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಹೇಳಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ ತಪ್ಪು ತೆಗೆದ ಮೇಲೆಯೇ ಅದು ಬಳಕೆಗೆ ಹೋಗುವುದು. ನಿನ್ನೆ ಮೊನ್ನೆ ಸೇರಿದ ಹುಡುಗನೂ ಹಿರಿಯನ ಬರಹಕ್ಕೆ ಆಕ್ಷೇಪ ಬರೆಯಬಹುದು, ಹಿರಿಯ ಉತ್ತರ ಕೊಡಲೇಬೇಕು. ಈ ಪದ್ಧತಿ ನಮಗೆ ಬಹಳ ಹಿಡಿಸಿತು. ನಮ್ಮ ಆಡಳಿತ ಮಂಡಳಿಯ ಸಭೆಗಳಲ್ಲಿ ಹೀಗೆ ನಡೆದುದನ್ನು ನಾವು ಕಂಡಿಲ್ಲವೆಂದು ಹೇಳಿದರೆ ಯಾರೂ ತಪ್ಪು ತಿಳಿಯಬಾರದು.

ಕೆಲವು ವಾರಗಳಿಗೊಮ್ಮೆ ಅವಳಿಗೆ 'ಆನ್‌ಕಾಲ್' ಎಂಬ ಸರದಿ ಬರುತ್ತಿತ್ತು. ಆ ವಾರ ಫೋನು ತಲೆದಿಂಬಿನ ಕೆಳಗೆ. ಒಂದು ರಾತ್ರಿ ಎರಡೂವರೆಗೆ ಅದು ಬಡಿದುಕೊಂಡಿತು. ಎಲ್ಲೋ ಸಾವಿರಾರು ಮೈಲಿ ದೂರದಲ್ಲಿರುವ ಯಂತ್ರಗಳು ಉತ್ತರ ಕೊಡುವುದನ್ನು ನಿಲ್ಲಿಸಿದ್ದುವು. ಆ ದಿನ ಹಾಲು ಕರೆಯುವ ಹೊತ್ತಿಗೂ ಅವಳು ಎದ್ದಿರಲಿಲ್ಲ, ಪರದೆಯ ಮುಂದೆಯೇ ಇದ್ದಳು. ಬೇಸಿಗೆಯಲ್ಲಿ ಫುಟ್‌ವಾಲ್ವ್ ಗಾಳಿ ಎಳೆದು ಪಂಪು ನೀರು ಬಿಟ್ಟಾಗ, ದೋಷ ಪಂಪಿನದೋ ಪೈಪಿನದೋ ಕರೆಂಟಿನದೋ ಎಂದು ಟಾರ್ಚ್ ಹಿಡಿದು ಹೊಳೆಬದಿಯಲ್ಲಿ ಹುಡುಕುತ್ತೇವಲ್ಲ, ಅದೇ ಕೆಲಸ. ವ್ಯತ್ಯಾಸವೆಂದರೆ ಅವಳ ಪಂಪು ಕಣ್ಣಿಗೆ ಕಾಣುವುದಿಲ್ಲ, ಮತ್ತು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುವವರು ಯಾರೂ ಇಲ್ಲ.

ಬೆಳಗ್ಗೆ ದೋಷ ಎಲ್ಲಿತ್ತೆಂದು ವಿಚಾರಿಸಿದೆವು. ತಾನು ಬರೆದದ್ದರಲ್ಲೂ ಅಲ್ಲ, ಕಂಪೆನಿಯವರು ಬರೆದದ್ದರಲ್ಲೂ ಅಲ್ಲ, ಅವರು ಬಳಸುತ್ತಿದ್ದ ಇನ್ನೊಂದು ಪ್ರೋಗ್ರಾಮಿನಲ್ಲಿ ಎಂದಳು. "ಅದು ಯಾರದ್ದು?" ಎಂದರೆ, "ಯಾರದ್ದೂ ಅಲ್ಲ ಚಿಕ್ಕಪ್ಪ, ಎಲ್ಲರದ್ದು." ಯುರೋಪಿನ ಯಾವುದೋ ಊರಿನಲ್ಲಿ, ಹಗಲು ಬೇರೆ ನೌಕರಿ ಮಾಡಿಕೊಂಡು, ರಾತ್ರಿ ಇದನ್ನು ನೋಡಿಕೊಳ್ಳುವ ಒಬ್ಬರು ಇದ್ದಾರಂತೆ. ಇವಳು ಎರಡು ಭಾನುವಾರ ಕುಳಿತು ಆ ದೋಷವನ್ನು ಸರಿಪಡಿಸಿ ಅವರಿಗೆ ಕಳುಹಿಸಿದಳು. ಅವರು ಮೂರು ಸಲ ತಿದ್ದಲು ಹೇಳಿ, ನಾಲ್ಕನೆಯ ಸಲ ಸ್ವೀಕರಿಸಿದರು. ಎಷ್ಟು ಕೊಟ್ಟರೆಂದು ನಾವು ಕೇಳಿದಾಗ ಅವಳು ನಕ್ಕುಬಿಟ್ಟಳು. ಒಂದು 'ಥ್ಯಾಂಕ್ಸ್' ಸಿಕ್ಕಿತ್ತು.

ಈ 'ಎಲ್ಲರದ್ದು' ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿಯೂ, ಅದರಲ್ಲಿ ಏನೇನು ಬೇಕೆಂಬುದನ್ನು ಆಸಕ್ತರು ತಿಳಿಸಬೇಕೆಂದೂ ಪ್ರಕಟಿಸಿದ. ಅದೇ ಮುಂದೆ ಲಿನಕ್ಸ್ ಆಯಿತು. ಇಂದು ನಾವು ಅಡಿಕೆ ಧಾರಣೆ ನೋಡುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದೂ ಅದರದೇ ತಿರುಳು. ಹಾಲೆಂಡಿನ ಗೀಡೋ ವಾನ್ ರೋಸಮ್ 1989ರ ಕ್ರಿಸ್ಮಸ್ ರಜೆಯಲ್ಲಿ ಬೇಸರ ಕಳೆಯಲು ತೊಡಗಿ 1991ರಲ್ಲಿ ಹೊರಗೆ ಬಿಟ್ಟ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಈಗ ಶಾಲೆಯ ಮಕ್ಕಳಿಂದ ಹಿಡಿದು ವಿಜ್ಞಾನಿಗಳ ತನಕ ಎಲ್ಲರ ಕೈಯಲ್ಲಿದೆ. ಇವನ್ನು ಬಳಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸಿಗಾದರೆ ಇನ್ನೊಂದು ಕರಾರು ಉಂಟು: ತಿದ್ದಿದ್ದನ್ನು ಪರರಿಗೆ ಹಂಚುವಾಗ, ನಿನಗೆ ದೊರೆತ ಅದೇ ಸ್ವಾತಂತ್ರ್ಯವನ್ನು ಅವರಿಗೂ ಕೊಡಬೇಕು. ಇಂಥವನ್ನು ಮುಕ್ತ ತಂತ್ರಾಂಶವೆಂದು ಕರೆಯುತ್ತಾರೆ.

ಇದು ಪರದೇಶದ ಹುಚ್ಚೆಂದು ಯಾರಿಗಾದರೂ ಅನ್ನಿಸಿದರೆ ಅವರು ತಮ್ಮ ಔಷಧಿಯ ಡ್ರಮ್ಮಿನ ಕಡೆ ಒಮ್ಮೆ ನೋಡಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದ್ರಾಕ್ಷಿಯ ರೋಗಕ್ಕೆಂದು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಪಾಕ ಇದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೂಲವನ್ನು ಶೋಧಿಸಿ 1910ರಲ್ಲಿ ಪುಸ್ತಿಕೆ ಪ್ರಕಟಿಸಿದರು. ಅವರ ಪ್ರಯತ್ನದಿಂದ ಈ ಪಾಕ ನಮ್ಮ ಅಡಿಕೆ ಮರದ ತುದಿಗೇರಿತು. ನಮ್ಮ ಅಜ್ಜಂದಿರು ಅದಕ್ಕೆ ರಾಳ ಸೇರಿಸಿ ಮಳೆಗೆ ತೊಳೆದುಹೋಗದಂತೆ ಮಾಡಿಕೊಂಡರು, ನೆರೆಯವರಿಗೂ ಹೇಳಿಕೊಟ್ಟರು. ಇದಕ್ಕಾಗಿ ನಾವು ಮಿಲಾರ್ಡೆಯ ವಂಶಸ್ಥರಿಗೆ ಇಂದಿನವರೆಗೆ ಒಂದು ಕಾಸು ಕಟ್ಟಿಲ್ಲ.

ಇನ್ನು ಆ ಕಾನ್ಫರೆನ್ಸಿನ ವಿಷಯ. 1994ರ ನವೆಂಬರಿನಲ್ಲಿ ಪೈಥಾನ್ ಬಳಸುವವರ ಮೊದಲ ಕೂಟ ಅಮೆರಿಕದ ಗೇತರ್ಸ್‌ಬರ್ಗ್ ಎಂಬಲ್ಲಿ ಸೇರಿದಾಗ ಬಂದವರು ಸುಮಾರು ಇಪ್ಪತ್ತು ಮಂದಿ. ನಮ್ಮ ಸಂಘದ ಮೊದಲ ಸಭೆಗೂ ಅಷ್ಟೇ ಜನ ಇದ್ದರೆಂದು ಹಿರಿಯರು ಹೇಳುತ್ತಾರೆ. ನಮ್ಮ ಬೆಂಗಳೂರಿನಲ್ಲಿ 2001ರಲ್ಲೇ ಲಿನಕ್ಸ್ ಬಳಗದವರ ಸಮ್ಮೇಳನ ಆರಂಭವಾಗಿ, ಹೆಸರು ಬದಲಿಸಿಕೊಂಡು 2012ರ ತನಕ ನಡೆಯಿತು. ಪೈಥಾನಿನವರ ಅಖಿಲ ಭಾರತ ಸಮ್ಮೇಳನವಾದ 'ಪೈಕಾನ್ ಇಂಡಿಯಾ' ಮೊದಲಿಗೆ ನಡೆದದ್ದು 2009ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಮೇಲೆ ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳಲ್ಲೂ ನಡೆದಿದೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಕೆನ್ನೆತ್ ಗೊನ್ಸಾಲ್ವಿಸ್ ಎಂಬವರು ಇದ್ದುದು ಬೆಂಗಳೂರಿನಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ನೀಲಗಿರಿಯ ಉದಕಮಂಡಲದಲ್ಲಿ, ನಮ್ಮಂಥದೇ ಗುಡ್ಡಗಾಡಿನಲ್ಲಿ. 2012ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಇಟ್ಟಿದ್ದಾರೆ.

ಅಲ್ಲಿ ನಡೆಯುವುದೇನು? ನಮ್ಮ ಅಣ್ಣನ ಮಗಳು ಹೇಳಿದ ಪ್ರಕಾರ, ಭಾಷಣ ಮಾಡಬಯಸುವವರು ತಿಂಗಳುಗಳ ಮೊದಲೇ ವಿಷಯ ಬರೆದು ಕಳುಹಿಸಬೇಕು, ಸಮಿತಿಯವರು ಆರಿಸುತ್ತಾರೆ. ಆರಿಸುವವರಿಗೂ ಭಾಷಣ ಮಾಡುವವರಿಗೂ ಸಂಭಾವನೆ ಇಲ್ಲ. ಐದೇ ನಿಮಿಷದ ಭಾಷಣಗಳ ಒಂದು ಗೋಷ್ಠಿ ಉಂಟು. ಯಾರು ಬೇಕಾದರೂ ಹೆಸರು ಕೊಟ್ಟು ನಿಲ್ಲಬಹುದು, ಐದು ನಿಮಿಷವಾದೊಡನೆ ಸಭೆಯೇ ಚಪ್ಪಾಳೆ ತಟ್ಟಿ ಇಳಿಸುತ್ತದೆ. (ಈ ನಿಯಮವನ್ನು ನಮ್ಮ ಮಹಾಸಭೆಗೂ ತರಬಾರದೇಕೆ?) ಆದರೆ ಭಾಷಣಕ್ಕಿಂತ ಹೆಚ್ಚಿನ ಲಾಭ ಮೊಗಸಾಲೆಯಲ್ಲಿ ಕಾಫಿಯ ಲೋಟ ಹಿಡಿದು ನಿಂತಾಗಲೇ ಎನ್ನುತ್ತಾಳೆ. ಆರು ತಿಂಗಳಿನಿಂದ ಬಿಡಿಸಲಾಗದ ಗಂಟನ್ನು ಪಕ್ಕದಲ್ಲಿ ನಿಂತ ಅಪರಿಚಿತ ಎರಡು ಮಾತಿನಲ್ಲಿ ಬಿಡಿಸುತ್ತಾನೆ. ಕೊನೆಯಲ್ಲಿ ಒಂದೆರಡು ದಿನ ಭಾಷಣವಿಲ್ಲ. ಮೇಜಿನ ಸುತ್ತ ಕುಳಿತು ಆ ಸಾರ್ವಜನಿಕ ಪ್ರೋಗ್ರಾಮುಗಳ ದೋಷಗಳನ್ನು ಒಟ್ಟಾಗಿ ಸರಿಪಡಿಸುವುದು. ಹಳಬರು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಹಿಡಿದು ಕಲಿಸುತ್ತಾರೆ.

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ಅಡಿಕೆ ಸುಲಿಯುವ ರಾತ್ರಿಗಳು. ಇಂದು ಈ ಮನೆ, ನಾಳೆ ಆ ಮನೆ. ಮೆಟ್ಟುಗತ್ತಿ ಹೊತ್ತುಕೊಂಡು ಬಂದು ಸಾಲಾಗಿ ಕುಳಿತು, ಕೈ ಸುಲಿಯುತ್ತಿದ್ದಂತೆ ಬಾಯಿ ಲೋಕದ ಸುದ್ದಿಯನ್ನೆಲ್ಲ ಬಿಚ್ಚುತ್ತಿತ್ತು. ಯಾವ ತೋಟಕ್ಕೆ ಯಾವ ಗೊಬ್ಬರ ಹಿಡಿಸಿತು, ಯಾರ ಮರಕ್ಕೆ ಹಿಡಿಮುಂಡಿಗೆ ಬಂತು, ಯಾವ ವ್ಯಾಪಾರಿ ತೂಕದಲ್ಲಿ ಹೊಡೆದ, ಇವೆಲ್ಲ ಗೊತ್ತಾಗುತ್ತಿದ್ದುದು ಅಲ್ಲಿ. ನೆಟ್ಟಿಗೆ, ಕೊಯ್ಲಿಗೆ ಮುಯ್ಯಾಳು ಕಟ್ಟಿಕೊಳ್ಳುತ್ತಿದ್ದೆವು. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ. ಇಂದು ನಾನು, ನಾಳೆ ನೀನು. ಸುಲಿಯುವ ಯಂತ್ರ ಬಂತು, ಮುಯ್ಯಾಳು ಹೋಯಿತು. ಯಂತ್ರ ಬರಬಾರದಿತ್ತೆಂದು ನಾವು ಹೇಳುವುದಿಲ್ಲ, ಬೆರಳು ಉಳಿಯಿತು. ಆದರೆ ಆ ಹಿರಿಯರ ಮಗ ಪರಸ್ಥಳದಲ್ಲಿ ಕುರ್ಚಿ ಹಾಕಿದ್ದು ಮುಯ್ಯಾಳಿನ ಲೆಕ್ಕದಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅವನು ದಿನವೂ ಉಣ್ಣುವ ಅನ್ನ ಯಾರ ಯಾರದೋ ಸಂಬಳವಿಲ್ಲದ ದುಡಿಮೆಯ ಮೇಲೆ ನಿಂತಿದೆ. ಅವನು ಮುಯ್ಯಿ ತೀರಿಸಲು ಹೋದ.

ಕಾಫಿಯ ಮಾತು ಬಂದದ್ದರಿಂದ ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ. ಬೇರೆ ಕೋಣೆಗಳಲ್ಲಿ ಕೂತವರು ಮೆಟ್ಟಿಲು ಹತ್ತಿಳಿದು ಬಂದು ನೋಡಿದರೆ ಪಾತ್ರೆ ಖಾಲಿ. ಬೇಸತ್ತ ಅವರು 1991ರಲ್ಲಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟು, ಕಾಫಿ ಇದೆಯೋ ಇಲ್ಲವೋ ಎಂಬುದು ಪ್ರತಿಯೊಬ್ಬರ ಪರದೆಯಲ್ಲಿ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಅದು ಇಂಟರ್ನೆಟ್ಟಿಗೆ ಸೇರಿ ಜಗತ್ತೇ ಆ ಪಾತ್ರೆಯನ್ನು ನೋಡುವಂತಾಯಿತು. ಜಗತ್ತಿನ ಮೊದಲ ವೆಬ್ ಕ್ಯಾಮೆರಾ ಅದೇ. 2001ರ ಆಗಸ್ಟಿನಲ್ಲಿ ನಿಲ್ಲಿಸಿದರು. 1995ರಲ್ಲಿ ಬಂದ ಜಾವಾ ಎಂಬ ಭಾಷೆಗೆ ಹೆಸರು ಬಂದದ್ದೂ ಕಾಫಿಯಿಂದಲೇ, ಅದರ ಗುರುತೂ ಹಬೆಯಾಡುವ ಕಾಫಿ ಬಟ್ಟಲೇ. ಈ ಮಕ್ಕಳು ಎಚ್ಚರವಿರುವುದು ನಮ್ಮ ಬೆಳೆಯಿಂದ. ನಮಗೆ ಅವರ ಮೇಲೆ ಅಷ್ಟಾದರೂ ಅಭಿಮಾನ ಇರಬೇಡವೇ!

ಇರಲಿ. ಎಲ್ಲವೂ ಚೆನ್ನಾಗಿದೆಯೆಂದು ಹೇಳಲು ನಾವು ಹೊರಟಿಲ್ಲ. ಎಲ್ಲರೂ ನೀರು ಹಾಯಿಸಿಕೊಳ್ಳುವ ಕಟ್ಟಕ್ಕೆ ಮಣ್ಣು ಹಾಕುವವರು ಇಬ್ಬರೋ ಮೂವರೋ ಆದರೆ ಏನಾಗುತ್ತದೆಂಬುದು ನಮಗೆ ಗೊತ್ತಿದೆ. ಅವರಲ್ಲೂ ಅದೇ ಆಗಿದೆ.

2014ರ ಏಪ್ರಿಲಿನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಹೊರಬಿತ್ತು. ಅಂತರಜಾಲದಲ್ಲಿ ಗುಟ್ಟಾಗಿ ಹೋಗಬೇಕಾದ ಮಾಹಿತಿಗೆ ಬೀಗ ಹಾಕುವ 'ಓಪನ್ ಎಸ್‌ಎಸ್‌ಎಲ್' ಎಂಬ ಸಾರ್ವಜನಿಕ ತಂತ್ರಾಂಶದಲ್ಲಿ ಎರಡು ವರ್ಷದಿಂದ ಒಂದು ತೂತು ಇದ್ದು, ಅದರ ಮೂಲಕ ಯಾರು ಬೇಕಾದರೂ ಒಳಗಿನ ಗುಟ್ಟನ್ನು ಕದಿಯಬಹುದಾಗಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳು ಅದನ್ನೇ ನೆಚ್ಚಿಕೊಂಡಿದ್ದುವು. ಆಮೇಲೆ ವಿಚಾರಿಸಿದರೆ, ಅದನ್ನು ನೋಡಿಕೊಳ್ಳುವವರಲ್ಲಿ ಪೂರ್ಣಾವಧಿಯವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದಾನದ ಹಣ ಸುಮಾರು ಎರಡು ಸಾವಿರ ಡಾಲರ್. ನಮ್ಮೂರಿನ ಗಣಪತಿ ಉತ್ಸವದ ಚಂದಾ ಇದಕ್ಕಿಂತ ಹೆಚ್ಚಾಗುತ್ತದೆ. ಕೋಟಿ ಕೋಟಿ ಗಳಿಸುವವರು ಬಾಗಿಲಿನ ಬೀಗಕ್ಕೆ ಎಣ್ಣೆ ಹಾಕುವವನಿಗೆ ನಾಲ್ಕು ಕಾಸು ಕೊಟ್ಟಿರಲಿಲ್ಲ. ತೂತು ಕಂಡ ಮೇಲೆ ಹಲವು ಕಂಪೆನಿಗಳು ಲಿನಕ್ಸ್ ಫೌಂಡೇಶನ್ನಿನ ಮೂಲಕ ಒಂದು ನಿಧಿ ಕೂಡಿಸಿದುವು.

ಅದರಿಂದ ಪಾಠ ಕಲಿತರೆಂದು ತಿಳಿದರೆ ತಪ್ಪು. ಹತ್ತು ವರ್ಷದ ಮೇಲೆ, 2024ರಲ್ಲಿ ನಡೆದದ್ದು ಇದಕ್ಕಿಂತ ಭಯಂಕರ. 'ಎಕ್ಸ್‌ಝಡ್' ಎಂಬುದು ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಣ್ಣ ತಂತ್ರಾಂಶ. ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆ ಇರುತ್ತದೆ. ಅದನ್ನು ಫಿನ್ಲೆಂಡಿನ ಲಾಸೆ ಕೊಲಿನ್ ಎಂಬವರು ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ, ನಡೆಸಿಕೊಂಡು ಬಂದಿದ್ದರು. 2021ರ ಸುಮಾರಿಗೆ 'ಜಿಯಾ ಟಾನ್' ಎಂಬ ಹೆಸರಿನ ಒಬ್ಬ ಸಹಾಯಕ್ಕೆ ಬಂದ. ಒಳ್ಳೆಯ ಕೆಲಸಗಾರ, ಹೇಳಿದ್ದನ್ನು ಮಾಡುವ, ಹೇಳದ್ದನ್ನೂ ಮಾಡುವ. ಅದೇ ಸಮಯದಲ್ಲಿ ಹಿಂದೆ ಮುಂದೆ ಗೊತ್ತಿಲ್ಲದ ಬೇರೆ ಕೆಲವು ಹೆಸರಿನವರು ಪತ್ರ ಬರೆಯತೊಡಗಿದರು: ಕೆಲಸ ನಿಧಾನವಾಯಿತು, ನಿಮ್ಮಿಂದಾಗದಿದ್ದರೆ ಬೇರೆಯವರಿಗೆ ಒಪ್ಪಿಸಿ ಎಂದು. ಇದು ಹವ್ಯಾಸದ ಕೆಲಸ, ಸಂಬಳವಿಲ್ಲದ್ದು, ಕೈಲಾದಷ್ಟು ಮಾಡುತ್ತಿದ್ದೇನೆ ಎಂಬರ್ಥದ ಉತ್ತರವನ್ನು ಕೊಲಿನ್ ಬರೆದರು. ಕೊನೆಗೆ, ಇಷ್ಟು ದಿನ ಜೊತೆಗೆ ದುಡಿದವನಲ್ಲವೇ ಎಂದು, ಆ ಸಹಾಯಕನ ಕೈಗೂ ಬೀಗದ ಕೈ ಕೊಟ್ಟರು.

ಅವನು ಕಾದ. ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿದ ಮೇಲೆ, 2024ರ ಫೆಬ್ರವರಿಯಲ್ಲಿ ಹೊರಬಂದ ಹೊಸ ಆವೃತ್ತಿಯೊಳಗೆ ಕಳ್ಳಗಿಂಡಿಯೊಂದನ್ನು ಬಚ್ಚಿಟ್ಟ. ಅದು ಎಲ್ಲ ಕಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಯಂತ್ರಗಳ ಹಿಂಬಾಗಿಲು ಅವನ ಕೈಯಲ್ಲಿರುತ್ತಿತ್ತು. ಹಿಡಿದವರು ಯಾರು? ಪೊಲೀಸರಲ್ಲ, ಸರಕಾರವಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಒಬ್ಬ ಇಂಜಿನಿಯರ್. ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಅರ್ಧ ಸೆಕೆಂಡು! ಯಾಕೆಂದು ಬೆನ್ನು ಹತ್ತಿ ಮೂಲ ಕಂಡುಹಿಡಿದು, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಎಲೆಯ ಬಣ್ಣ ಒಂದು ಛಾಯೆ ಬದಲಾದುದನ್ನು ಕಂಡು ಕಾಂಡಕೊರಕ ಒಳಹೊಕ್ಕಿದೆಯೆಂದು ಹೇಳುವ ಹಳೆಯ ಮೇಸ್ತ್ರಿಗಳು ನಮ್ಮಲ್ಲೂ ಇದ್ದರು. ಆ 'ಜಿಯಾ ಟಾನ್' ನಿಜಕ್ಕೂ ಯಾರೆಂಬುದು ಬಯಲಿಗೆ ಬಂದಿಲ್ಲ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಕಾರಣವಿದೆ. ಕೊಲಿನ್ ಅವರ ಪಕ್ಕದಲ್ಲಿ ಇನ್ನಿಬ್ಬರು ಪರಿಚಿತರು ಇದ್ದಿದ್ದರೆ, ಕಳ್ಳನಿಗೆ ಆ ಜಾಗವೇ ಸಿಗುತ್ತಿರಲಿಲ್ಲ. ದಣಿದ ಒಬ್ಬನೇ ಮನುಷ್ಯನಿದ್ದಲ್ಲಿಗೆ ಅವನು ಹುಡುಕಿಕೊಂಡು ಬಂದ. ಹೆಸರು ಮಾತ್ರ ಕಂಡ ಜನ ಒಂದೆಡೆ ಸೇರಿ ಮುಖ ನೋಡಿ, ಜೊತೆಗೆ ಉಂಡು, ಇವನು ಇಂಥವನು ಎಂದು ತಿಳಿದುಕೊಳ್ಳುವುದಕ್ಕೆ ಬೆಲೆ ಇದೆ. ನಾಲ್ಕು ದಿನ ರಜೆ ಹಾಕಿ ಹೋಗಬೇಕಾದಷ್ಟು ಬೆಲೆ ಇದೆ. ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದು ಪ್ರೋಗ್ರಾಮನ್ನೂ ಬರೆಯುತ್ತವೆ, ಸುಳ್ಳು ದೋಷವರದಿಗಳನ್ನೂ ಬರೆಯುತ್ತವೆ. ಸ್ವೀಡನ್ನಿನಲ್ಲಿ 'ಕರ್ಲ್' ಎಂಬ ತಂತ್ರಾಂಶವನ್ನು 1998ರಿಂದ ನಡೆಸಿಕೊಂಡು ಬಂದಿರುವ ಡೇನಿಯಲ್ ಸ್ಟೆನ್‌ಬರ್ಗ್ ಇಂಥ ಹುಸಿ ವರದಿಗಳನ್ನು ಓದುವುದರಲ್ಲೇ ತಮ್ಮವರ ಹೊತ್ತು ಹಾಳಾಗುತ್ತಿದೆಯೆಂದು 2024ರಿಂದ ಬಹಿರಂಗವಾಗಿಯೇ ದೂರಿದ್ದಾರೆ. ಮುಖ ಪರಿಚಯದ ಅಗತ್ಯ ಇನ್ನು ಹೆಚ್ಚುವುದೇ ಹೊರತು ಕಡಿಮೆಯಾಗದು.

ಹಾಗೆಂದು ಕಂಪೆನಿಗಳನ್ನು ಸುಮ್ಮನೆ ಬಿಡುವಂತಿಲ್ಲ. ಸಮ್ಮೇಳನದ ಹೊರಗೆ ಮಳಿಗೆ ಹಾಕಿ ಅಂಗಿ, ಚೀಲ, ಸ್ಟಿಕ್ಕರು ಹಂಚಿದರೆ ಸಾಕೆಂದು ತಿಳಿದವರೇ ಹೆಚ್ಚು. ಯಾರೋ ಬೆಳೆದದ್ದನ್ನು ಕೊಂಡೊಯ್ದು ಪಾಲಿಶ್ ಮಾಡಿ ಹತ್ತರಷ್ಟಕ್ಕೆ ಮಾರುವವರನ್ನು ನಾವು ಕಂಡವರೇ. ಅದರ ವಿರುದ್ಧ ಅಡಿಕೆ ಬೆಳೆಗಾರರು ಒಟ್ಟಾಗಿ 1973ರಲ್ಲ ಮಂಗಳೂರಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಕಟ್ಟಿದರು. ತಂತ್ರಾಂಶದವರು ಬರೆದದ್ದನ್ನು ಎಲ್ಲರಿಗೂ ಬಿಟ್ಟುಕೊಡುವ ಹಾದಿ ಹಿಡಿದರು; ಬೆಲೆ ಕಟ್ಟುವ ಹಾದಿಯನ್ನು ಇನ್ನೂ ಸರಿಯಾಗಿ ಕಂಡುಕೊಂಡಿಲ್ಲ. ಆದರೆ ಆಡಳಿತದ ಒಂದು ವಿಷಯದಲ್ಲಿ ಅವರಿಂದ ನಾವೇ ಕಲಿಯಬಹುದು. 2018ರಲ್ಲಿ ಗೀಡೋ ವಾನ್ ರೋಸಮ್ ಪೈಥಾನಿನ ಯಜಮಾನಿಕೆ ಬಿಟ್ಟಾಗ, ಅಲ್ಲಿಯ ಪ್ರಮುಖ ಕೆಲಸಗಾರರು ಮತ ಹಾಕಿ 2019ರಲ್ಲಿ ಐವರ ಮಂಡಳಿಯನ್ನು ಆರಿಸಿದರು. ಒಂದೇ ಕಂಪೆನಿಯ ನೌಕರರು ಆ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದೆಂದು ನಿಯಮ. ಒಂದೇ ಮನೆತನದಿಂದ ಎಷ್ಟು ನಿರ್ದೇಶಕರು ಎಂಬ ಪ್ರಶ್ನೆಯನ್ನು ಸಹಕಾರ ಸಂಘಗಳಲ್ಲಿ ಎತ್ತುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮಕ್ಕಳಿಗೂ ನಮ್ಮದೊಂದು ಮಾತಿದೆ. ಆ ಸಮ್ಮೇಳನಗಳ ಮಾತೆಲ್ಲ ಇಂಗ್ಲಿಷಿನಲ್ಲಿ, ಜಾಗವೆಲ್ಲ ನಗರದಲ್ಲಿ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವೊಂದನ್ನು ಮಾಡಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಈ ಪತ್ರಿಕೆಯ ಅಕ್ಷರ ಜೋಡಿಸುವವರೂ ಅದರ ಮೇಲೆಯೇ ಬೆರಳಾಡಿಸುವುದು. ಅದು ಆದದ್ದು ತನ್ನ ಊರಿನವರಿಗೆ ಏನು ಬೇಕೆಂದು ಯೋಚಿಸಿದ್ದರಿಂದ. ಜಗತ್ತಿನ ಕಟ್ಟಕ್ಕೆ ಮಣ್ಣು ಹಾಕುವವರು ತಮ್ಮ ಮನೆಯ ಕೆಳಗಿನ ಕಟ್ಟವನ್ನೂ ವರ್ಷಕ್ಕೊಮ್ಮೆ ನೋಡಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ನಾವು ಕೇಳಿದ್ದು ಯಾವಾಗ? ಮದ್ದು ಹೊಡೆಯಲು ಆಳಿಲ್ಲದಾಗ ಮಾತ್ರ ಫೋನು ಮಾಡಿದ್ದೇವೆ. ಅವರಿಗೆ ತಿಳಿದ ವಿದ್ಯೆಯನ್ನು ಒಂದು ದಿನವೂ ಕೇಳಲಿಲ್ಲ.

ನಮ್ಮ ಸಂಘದ್ದೇ ಉದಾಹರಣೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕ್ರಮ ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಕಳೆದ ಮಳೆಗಾಲದಲ್ಲಿ ಅವರು ಜ್ವರ ಬಂದು ಹನ್ನೊಂದು ದಿನ ಮಲಗಿದಾಗ ಒಬ್ಬ ಸದಸ್ಯನಿಗೂ ಪಟ್ಟಿ ಬರೆದುಕೊಡಲಾಗಲಿಲ್ಲ. ಎಲ್ಲರೂ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅವರನ್ನೇ ಬೈದರು. ಎಂಟು ವರ್ಷದಿಂದ ರಜೆಯಿಲ್ಲದೆ ಆ ಲೆಕ್ಕವನ್ನು ಹೊತ್ತವರು ಅವರೆಂಬುದು ಯಾರ ಬಾಯಿಂದಲೂ ಬರಲಿಲ್ಲ, ನಮ್ಮ ಬಾಯಿಂದಲೂ ಬರಲಿಲ್ಲ. ಇದನ್ನು ಅಣ್ಣನ ಮಗಳಿಗೆ ಹೇಳಿದಾಗ ಅವಳು ನಗಲಿಲ್ಲ. "ಅವರೊಬ್ಬರಿಗೇ ಗೊತ್ತಿದ್ದರೆ ತಪ್ಪು ಅವರದ್ದಲ್ಲ ಚಿಕ್ಕಪ್ಪ. ಇನ್ನಿಬ್ಬರನ್ನು ಕೂರಿಸಿ ಕಲಿಸಬೇಕು, ಬರೆದಿಡಬೇಕು. ಎರಡು ದಿನದ ಕೆಲಸ, ನಾವು ನಾಲ್ಕು ಜನ ಬಂದರೆ ಆಗುತ್ತದೆ" ಎಂದಳು. ಯಾಕೆ ಇಷ್ಟು ದಿನ ಹೇಳಲಿಲ್ಲವೆಂದರೆ, "ನೀವು ಕರೆಯಲಿಲ್ಲವಲ್ಲ" ಎಂದಳು.

ಆದಕಾರಣ ಆಡಳಿತ ಮಂಡಳಿಯ ಮುಂದೆ ನಾವು ಒಂದು ಸೂಚನೆ ಇಟ್ಟಿದ್ದೇವೆ. ಮಳೆ ಹಿಡಿದು ತೋಟದ ಕೆಲಸ ಕಡಿಮೆಯಿರುವ ಜುಲೈ ತಿಂಗಳಲ್ಲಿ, ಸಂಘದ ಸಭಾಭವನವನ್ನು ಎರಡು ದಿನ ಬಾಡಿಗೆಯಿಲ್ಲದೆ ಇವರಿಗೆ ಬಿಟ್ಟುಕೊಡಬೇಕು. ಊಟ ಸಂಘದ್ದು, ಕಾಫಿ ಸದಸ್ಯರದ್ದು. ಮೊದಲ ದಿನ ಅವರು ತಮ್ಮ ತಮ್ಮಲ್ಲಿ ಏನು ಬೇಕಾದರೂ ಮಾತಾಡಿಕೊಳ್ಳಲಿ. ಎರಡನೆಯ ದಿನ ಕಚೇರಿಯ ಲೆಕ್ಕದ ಕ್ರಮವನ್ನು ಇನ್ನಿಬ್ಬರಿಗೆ ಕಲಿಸಿ ಕನ್ನಡದಲ್ಲಿ ಬರೆದಿಡಲಿ; ಸದಸ್ಯರು ಮೂವತ್ತು ನಲವತ್ತು ವರ್ಷಗಳಿಂದ ಡೈರಿಗಳಲ್ಲಿ ಗುರುತು ಹಾಕಿಟ್ಟ ಮಳೆಯ ಲೆಕ್ಕವನ್ನು, ಹೂಮಳೆ ಹಿಮ್ಮಳೆಗಳ ತಾರೀಕು ಸಹಿತ, ಒಂದೆಡೆ ಸೇರಿಸಲು ತೊಡಗಲಿ. ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ ಹಾಕುವುದು ಮಂಡಳಿಯ ಹೊಣೆ. ಕುರ್ಚಿ ಹಾಕುವ ಕೆಲಸ ತಾವು ವಹಿಸಿಕೊಳ್ಳುವುದಾಗಿ ಮಹಾಸಭೆಯಲ್ಲಿ ದೂರು ಹೇಳಿದ ಹಿರಿಯರು ಈಗಾಗಲೇ ತಿಳಿಸಿದ್ದಾರೆ.

ಮಗನೋ ಮಗಳೋ ಈ ಕೆಲಸದಲ್ಲಿರುವ ಸದಸ್ಯರು ಹೆಸರನ್ನು ಕಚೇರಿಯಲ್ಲಿ ಬರೆಸಬೇಕಾಗಿ ಕೋರಿಕೆ. ಯಾವ ಕಂಪೆನಿ, ಎಷ್ಟು ಸಂಬಳ ಎಂಬುದು ಬೇಡ. ಜುಲೈಯಲ್ಲಿ ಯಾವ ವಾರ ಆನ್‌ಕಾಲ್ ಇಲ್ಲವೆಂಬುದನ್ನು ಕೇಳಿ ತಿಳಿದುಕೊಂಡು ಬಂದರೆ ಸಾಕು.